ಮೂರನೇ ಅಧ್ಯಾಯ ಇರಲಿ, ಮಗಳೇ

ಮಗಳೇ,

ನಿನ್ನೆ ಫೋನಿನಲ್ಲಿ ಹಾಗೆ ಕೂಗಾಡಬಾರದಿತ್ತು. ತಪ್ಪಾಯಿತು. "ಥೀಸಿಸ್‌ನಲ್ಲಿ ಭಕ್ತಿ ಮಾತ್ರ ಇರಲಿ, ರಾಜಕೀಯದ ಮೂರನೇ ಅಧ್ಯಾಯ ತೆಗೆದುಬಿಡು" ಎಂದೆ. "ಬಸವಣ್ಣನಿಂದ ಯಾವುದನ್ನು ತೆಗೆಯಲಿ ಅವ್ವ, ನೀನೇ ಹೇಳು" ಎಂದು ನೀನು ಫೋನ್ ಇಟ್ಟೆ.

ರಾತ್ರಿ ನಿದ್ದೆ ಬರಲಿಲ್ಲ. ಹಳೆಯದೇ ನೆನಪು: 2015ರ ಆಗಸ್ಟ್ 30, ಭಾನುವಾರ. ಇಲ್ಲೇ ಧಾರವಾಡದ ಕಲ್ಯಾಣನಗರದಲ್ಲಿ ಸಂಶೋಧಕ ಕಲಬುರ್ಗಿ ಸರ್ ಅವರನ್ನು ಮನೆಯಲ್ಲೇ ಗುಂಡಿಕ್ಕಿ ಕೊಂದ ಸುದ್ದಿ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಅದು ನಿನಗೂ ನೆನಪಿದೆ. ಆಮೇಲಿನದು ನಿನಗೆ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ನಮ್ಮ ಬಾಗಿಲನ್ನೂ ಯಾರೋ ತಟ್ಟಿದರು. ಹಿಟ್ಟಿನ ಕೈಯಲ್ಲೇ ಚಿಲಕ ಒತ್ತಿ ಹಿಡಿದು ನಿಂತೆ. ಮತ್ತೆ ತಟ್ಟಿದರು. ಆಮೇಲೆ "ಅಕ್ಕೋರ, ಮೊಸರು" ಎಂಬ ದನಿ. ಎಷ್ಟೋ ವರ್ಷದಿಂದ ಬರುತ್ತಿದ್ದ ಅಜ್ಜಿ. ದನಿ ಗುರುತಾದ ಮೇಲೂ ತೆಗೆಯಲಿಲ್ಲ. ಅವಳು ಹೋದಳು. ಸಂಜೆ ಚಿಲಕಕ್ಕೆ ಒಣಗಿ ಅಂಟಿದ್ದ ಹಿಟ್ಟನ್ನು ಉಗುರಿನಿಂದ ಕೆರೆದೆ. ಶಾಸನ, ಓಲೆಗರಿ, ವಚನ ಅಂತ ಜೀವಮಾನ ಕಳೆದವರಿಗೆ ಹೀಗಾದರೆ, ನನ್ನ ಮಗಳಿಗೆ? ಅವತ್ತಿನ ಆ ಪ್ರಶ್ನೆಯೇ ನಿನ್ನೆ ಕೂಗಾಟವಾಯಿತು.

ನೀನು ಹೇಳಿದ್ದು ಸರಿ. ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳು. ಶರಣರ ಕಣ್ಣಿಗೆ ಅದು ಇಬ್ಬರು ಭಕ್ತರ ಮದುವೆ, ಅಷ್ಟೇ. ಬಿಜ್ಜಳನ ಅರಮನೆಗೆ ಅದು ರಾಜದ್ರೋಹದ ಹಾಗೆ ಕಂಡಿತು. ಮದುವೆ ಒಂದೇ. ಅದನ್ನು ಎರಡು ಅಧ್ಯಾಯಕ್ಕೆ ಹೇಗೆ ಹಂಚುತ್ತೀಯ? ಶರಣ ಆಯ್ದಕ್ಕಿ ಮಾರಯ್ಯ ಜಾಸ್ತಿ ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ವಾಪಸ್ ಕಳಿಸಿದಳಲ್ಲ, ಅದೂ ಹಾಗೆಯೇ. ಅವಳ ಪೂಜೆ ಆ ಅಕ್ಕಿಯ ಲೆಕ್ಕದಲ್ಲೇ ಇತ್ತು.

ಒಂದು ಮಾತು ಮಾತ್ರ ಕೇಳು. ಸೆಮಿನಾರುಗಳಲ್ಲಿ ಬಸವಣ್ಣನ ವಚನದಿಂದ ಜಾತಿಯ ವಿರುದ್ಧದ ಸಾಲನ್ನಷ್ಟೇ ಓದಿ, ಕೊನೆಗಿರುವ ಕೂಡಲಸಂಗಮದೇವನನ್ನು ಬಿಟ್ಟುಬಿಡುತ್ತಾರೆ. ಅಂಕಿತ ಸುಮ್ನೆ ಹಾಕಿದ ಸಹಿಯಲ್ಲ. ಅರಸನ ಭಂಡಾರ ನೋಡಿಕೊಳ್ಳುತ್ತಿದ್ದವನಿಗೆ ಅರಸನೆದುರು ನಿಲ್ಲುವ ಧೈರ್ಯ ಅಲ್ಲಿಂದಲೇ ಬಂತು ಎಂದು ನಾನು ನಂಬಿದ್ದೇನೆ. ದೇವರನ್ನು ತೆಗೆದರೂ ತಪ್ಪು, ಸಿಂಹಾಸನವನ್ನು ತೆಗೆದರೂ ತಪ್ಪು. ನಿನ್ನ ಗೈಡ್ ಎದುರು ಇದನ್ನು ಗಟ್ಟಿಯಾಗಿ ಹೇಳು. ಮತ್ತೆ ಪಾಠ ಶುರು ಮಾಡಿದೆ, ಅಲ್ವಾ? ಮೂವತ್ತು ವರ್ಷದ ರೂಢಿ. ಆದರೆ ನನಗೆ ಹೊಳೆಯದ ಪ್ರಶ್ನೆ ನಿನಗೆ ಹೊಳೆಯಿತು. ಅದು ಹೆಮ್ಮೆ.

ದೀಪಾವಳಿಗೆ ಬರುವಾಗ ಆ ಅಧ್ಯಾಯದ ಪ್ರಿಂಟ್ ತಗೊಂಡು ಬಾ, ಓದುತ್ತೇನೆ. ನಿನ್ನ ರೂಮಿನ ಒಳಚಿಲಕ ಸಡಿಲ ಅಂದಿದ್ದೆ, ಸರಿ ಮಾಡಿಸಿದೆಯಾ? ಯಾರು ಬಾಗಿಲು ತಟ್ಟಿದರೂ ಮೊದಲು ಯಾರು ಅಂತ ಕೇಳು. ಗುರುತಿನ ದನಿಯಾದರೆ ತೆಗೆ.

ನಿನ್ನ ಅವ್ವ
ಧಾರವಾಡ