ಬಿಲ್ ಪ್ರಿಂಟ್ ಲೈಬ್ರರಿ ಇನ್ನು ಮೂರು ಫೋಲ್ಡರ್‌ಗಳಲ್ಲಿ: ಗ್ರಾಹಕರಿಗೆ ಪತ್ರ

ಮುಂಬೈ

ನಮಸ್ಕಾರ,

ನಮ್ಮ ಬಿಲ್ ಪ್ರಿಂಟ್ ಲೈಬ್ರರಿಯನ್ನು (ಬಿಲ್ ಮುದ್ರಿಸುವ ಸಿದ್ಧ ಕೋಡ್) ನಿಮ್ಮ ಹೋಟೆಲ್ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಸೇರಿಸಿಕೊಂಡಿರುವ ಎಲ್ಲರಿಗೂ ಈ ಪತ್ರ. ಇಷ್ಟು ದಿನ ಒಂದು ಜಿಪ್ ಕಳಿಸುತ್ತಿದ್ದೆವು, ಅದರಲ್ಲಿ ಇಂಟೆಲ್ ಲಿನಕ್ಸ್‌ಗೆ ಆಗುವ ಡಾಟ್ ಎಸ್‌ಒ (ಶೇರ್ಡ್) ಫೈಲ್‌ಗಳು ಮಾತ್ರ ಇರುತ್ತಿದ್ದವು. ಮುಂದಿನ ಆವೃತ್ತಿಯಿಂದ ಮೂರು ಫೋಲ್ಡರ್ ಬರುತ್ತವೆ: 64 ಬಿಟ್ ಇಂಟೆಲ್, 64 ಬಿಟ್ ಆರ್ಮ್, 32 ಬಿಟ್ ಆರ್ಮ್ (ಇಂಟೆಲ್, ಆರ್ಮ್ ಎರಡು ಬೇರೆ ಬಗೆಯ ಪ್ರೊಸೆಸರ್). ಒಂದೊಂದರಲ್ಲೂ ಸ್ಟ್ಯಾಟಿಕ್ (ನಿಮ್ಮ ಪ್ರೋಗ್ರಾಂ ಒಳಗೇ ಸೇರಿಹೋಗುವುದು), ಶೇರ್ಡ್ (ಬೇರೆ ಫೈಲ್ ಆಗಿ ಪಕ್ಕದಲ್ಲಿ ಇರುವುದು) ಎರಡೂ ಇರುತ್ತವೆ. 32 ಬಿಟ್ ಇಂಟೆಲ್ ನಿಲ್ಲುತ್ತದೆ. ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ ಕೂಡ 2025ರ 13ನೇ ಆವೃತ್ತಿಯಲ್ಲಿ ಅದರ ಇನ್‌ಸ್ಟಾಲರ್ ಕೈಬಿಟ್ಟಿದೆ, ಇನ್ನು ನಾವೊಬ್ಬರೇ ಎಳೆದಾಡಿ ಏನು ಮಾಡೋಣ.

ಮಾಟುಂಗಾ ಇರಲಿ ಡೊಂಬಿವಲಿ ಇರಲಿ, ಗಲ್ಲಾದ ಪಕ್ಕ ದೊಡ್ಡ ಸಿಪಿಯು ಇಡಲು ಜಾಗ ಎಲ್ಲಿದೆ ಹೇಳಿ. ನಿಮ್ಮಲ್ಲಿ ತುಂಬಾ ಜನ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಹಾಕುತ್ತಿದ್ದೀರಿ. ಅದು ಆರ್ಮ್, ಇಂಟೆಲ್‌ಗೆ ಕಟ್ಟಿದ ಫೈಲ್ ಅಲ್ಲಿ ಓಡುವುದಿಲ್ಲ.

ಯಾವ ಫೋಲ್ಡರ್ ನಿಮ್ಮದು ಅಂತ ತಿಳಿಯಲು ಸುಮ್ನೆ ಯುನೇಮ್ (uname) ಕಮಾಂಡ್ ನಂಬಬೇಡಿ. ಪೈ 4ರಲ್ಲಿ 32 ಬಿಟ್ ಓಎಸ್ ಹಾಕಿದ್ದರೂ ಒಳಗೆ 64 ಬಿಟ್ ಕರ್ನಲ್ (ಓಎಸ್‌ನ ತಿರುಳು) ಓಡುತ್ತಿರಬಹುದು, ಯುನೇಮ್ ಹೇಳುವುದು ಆ ಕರ್ನಲ್‌ನ ವಿಷಯ. ಗೆಟ್‌ಕಾನ್ಫ್ ಲಾಂಗ್_ಬಿಟ್ (getconf LONG_BIT) ಓಡಿಸಿ, 32 ಬಂದರೆ 32ರ ಫೋಲ್ಡರ್. ಮೊದಲ ಪೈ ಮತ್ತು ಹಳೆಯ ಪೈ ಜೀರೋ ಇರುವವರಿಗೆ ಮಾತ್ರ ಇದು ಆಗಿಬರುವುದಿಲ್ಲ. ಅವು ಆರ್ಮ್‌ನ ಹಳೆಯ ಪೀಳಿಗೆಯಾದ ಆರ್ಮ್‌ವಿ6, ನಾವು ಕಟ್ಟುವುದು ಆರ್ಮ್‌ವಿ7ಕ್ಕೆ, ಹಾಗಾಗಿ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಅಂತ ಬಂದು ಪ್ರೋಗ್ರಾಂ ನಿಂತುಬಿಡುತ್ತದೆ. ಆಂಡ್ರಾಯ್ಡ್ ಮೆಷಿನ್‌ಗೂ ಈ ಫೋಲ್ಡರ್ ಹಾಕಬೇಡಿ. ಪ್ರೊಸೆಸರ್ ಆರ್ಮ್ ಆದರೂ ಅದರ ಸಿ ಲೈಬ್ರರಿ ಬೇರೆ.

ಸ್ಟ್ಯಾಟಿಕ್ಕೋ ಶೇರ್ಡೋ? ಒಂದೇ ಕೌಂಟರ್, ಒಂದೇ ಪ್ರೋಗ್ರಾಂ ಇದ್ದರೆ ಸ್ಟ್ಯಾಟಿಕ್ ಹಾಕಿ ಅಂತ ನಮ್ಮ ಸಲಹೆ. ನಮ್ಮ ಫೈಲ್ ಬೇರೆ ಇಡಬೇಕಾಗಿಲ್ಲ, ಯಾರೋ ಅಳಿಸಿಬಿಟ್ಟರು ಅನ್ನುವ ಫೋನೂ ಬರುವುದಿಲ್ಲ. ಆದರೆ ನಾವು ಏನಾದರೂ ಸರಿಪಡಿಸಿದರೆ ನೀವು ಮತ್ತೆ ಲಿಂಕ್ ಮಾಡಿ (ನಮ್ಮ ಲೈಬ್ರರಿಯನ್ನು ಪ್ರೋಗ್ರಾಂಗೆ ಜೋಡಿಸಿ) ಪೂರ್ತಿ ಪ್ರೋಗ್ರಾಂ ಕಳಿಸಬೇಕು. ಬಿಲ್, ಕಿಚನ್ ಟೋಕನ್, ಪಾರ್ಸಲ್ ಅಂತ ಮೂರು ನಾಲ್ಕು ಪ್ರೋಗ್ರಾಂ ಒಂದೇ ಮೆಷಿನ್‌ನಲ್ಲಿ ಓಡುವ ಕಡೆ ಶೇರ್ಡ್ ವಾಸಿ, ಒಂದು ಫೈಲ್ ಬದಲಿಸಿ ಪ್ರೋಗ್ರಾಂ ಮತ್ತೆ ಶುರು ಮಾಡಿದರೆ ಆಯಿತು.

ಎರಡನ್ನೂ ಒಂದೇ ಜಾಗಕ್ಕೆ ಕಾಪಿ ಮಾಡಬೇಡಿ. ಎರಡೂ ಕಂಡರೆ ಲಿಂಕರ್ ಶೇರ್ಡ್ ಅನ್ನೇ ಎತ್ತಿಕೊಳ್ಳುತ್ತದೆ, ನೀವು ಸ್ಟ್ಯಾಟಿಕ್ ಅಂದುಕೊಂಡು ಹೋಟೆಲಿಗೆ ಕಳಿಸಿರುತ್ತೀರಿ, ಅಲ್ಲಿ ನಮ್ಮ ಶೇರ್ಡ್ ಫೈಲ್ ಇಲ್ಲದೆ ಬೆಳಿಗ್ಗೆ ಪ್ರೋಗ್ರಾಂ ತೆರೆಯುವುದೇ ಇಲ್ಲ. ಇನ್ನೊಂದು, ಸ್ಟ್ಯಾಟಿಕ್ ಫೈಲ್ ತನಗೆ ಬೇರೆ ಯಾವ ಲೈಬ್ರರಿ ಬೇಕು ಅಂತ ಬರೆದಿಟ್ಟುಕೊಳ್ಳುವುದಿಲ್ಲ. ಒತ್ತಕ್ಷರ ಸರಿಯಾಗಿ ಕೂರಿಸಲು ನಾವು ಬಳಸುವ ಹಾರ್ಫ್‌ಬಜ್, ಫ್ರೀಟೈಪ್ ಅನ್ನುವ ಎರಡು ಲೈಬ್ರರಿಗಳನ್ನೂ ನೀವೇ ಲಿಂಕ್ ಲೈನ್‌ನಲ್ಲಿ ನಮ್ಮ ಲೈಬ್ರರಿಯ ನಂತರ ಸೇರಿಸಬೇಕು. ಪೈಥಾನ್ ಅಥವಾ ಜಾವಾದಿಂದ ಕರೆಯಲು ನಮ್ಮದನ್ನು ಸ್ವಂತ ಡಾಟ್ ಎಸ್‌ಒ ಒಳಗೆ ಸೇರಿಸುವವರು ಇದ್ದೀರಲ್ಲ, ನಿಮಗಾಗಿಯೇ ಡಾಟ್ ಎ (ಸ್ಟ್ಯಾಟಿಕ್) ಫೈಲನ್ನೂ ಎಫ್‌ಪಿಕ್ (-fPIC, ಕೋಡ್ ಮೆಮೊರಿಯ ಯಾವ ಜಾಗದಲ್ಲಾದರೂ ಓಡುವಂತೆ ಮಾಡುವ ಕಂಪೈಲರ್ ಆಯ್ಕೆ) ಹಾಕಿ ಕಟ್ಟಿದ್ದೇವೆ. 32 ಬಿಟ್ ಇಂಟೆಲ್‌ನಲ್ಲಿ ಅದಿಲ್ಲದೆಯೂ ಹೇಗೋ ನಡೆಯುತ್ತಿತ್ತು, 64 ಬಿಟ್‌ನಲ್ಲಿ ಲಿಂಕರ್ ಬಿಡುವುದಿಲ್ಲ.

ಕೊನೆಯದು ನಿಮ್ಮ ಕೋಡ್‌ಗೆ ಸಂಬಂಧಿಸಿದ್ದು, ಜಾಸ್ತಿ ತಲೆ ತಿನ್ನುವುದೂ ಇದೇ. ಸಿ ಭಾಷೆಯ ಚಾರ್ (ಒಂದು ಬೈಟ್ ಹಿಡಿಯುವ ಬಗೆ) ಇಂಟೆಲ್ ಲಿನಕ್ಸ್‌ನಲ್ಲಿ ಸೈನ್ಡ್, ಅಂದರೆ ಮೈನಸ್ ಕೂಡ ಆಗಬಹುದು; ಆರ್ಮ್ ಲಿನಕ್ಸ್‌ನಲ್ಲಿ ಅನ್‌ಸೈನ್ಡ್, ಮೈನಸ್ ಆಗುವುದಿಲ್ಲ. ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಚಿಹ್ನೆಗೂ 3 ಬೈಟ್, ಮರಾಠಿಗೂ ಅಷ್ಟೇ, ಮೂರೂ 127ಕ್ಕಿಂತ ಮೇಲೆ. ಇಂಟೆಲ್‌ನಲ್ಲಿ ಅವು ಮೈನಸ್ ಆಗಿ ಕಾಣುವುದರಿಂದ 'ಬೈಟ್ ಸೊನ್ನೆಗಿಂತ ಕಡಿಮೆ ಇದ್ದರೆ ಇಂಗ್ಲಿಷ್ ಅಲ್ಲ' ಅಂತ ಬರೆದು ಬಿಟ್ಟವರು ಬಹಳ ಜನ. ಆರ್ಮ್‌ನಲ್ಲಿ ಆ ಪರೀಕ್ಷೆ ಯಾವತ್ತೂ ನಿಜ ಆಗುವುದಿಲ್ಲ. 'ನೀರ್ ದೋಸೆ'ಯನ್ನು ಇಂಗ್ಲಿಷ್ ಅಂತಲೇ ಎಣಿಸಿ, ಅಗಲದ ಲೆಕ್ಕ ತಪ್ಪಿ, ರೇಟು ಮುಂದಿನ ಸಾಲಿಗೆ ಹೋಗುತ್ತದೆ. ಕಂಪೈಲರ್ ಸಾಮಾನ್ಯವಾಗಿ ತುಟಿ ಬಿಚ್ಚುವುದಿಲ್ಲ. ಅಂಥ ಕಡೆ ಅನ್‌ಸೈನ್ಡ್ ಚಾರ್ ಅಂತ ಬರೆದು 127ಕ್ಕೆ ಹೋಲಿಸಿ.

ದರದಲ್ಲಿ ಬದಲಾವಣೆ ಇಲ್ಲ. ಹಳೆಯ 32 ಬಿಟ್ ಇಂಟೆಲ್ ಫೈಲ್ ನಿಮ್ಮ ಹತ್ತಿರ ಇರುವುದು ಓಡುತ್ತಲೇ ಇರುತ್ತದೆ, ಹೊಸ ತಿದ್ದುಪಡಿ ಮಾತ್ರ ಬರುವುದಿಲ್ಲ. ತೊಂದರೆ ಆದರೆ ಫೋನ್ ಮಾಡುವ ಮುಂಚೆ ನಿಮ್ಮ ಪ್ರೋಗ್ರಾಂ ಮೇಲೆ 'ಫೈಲ್' (file) ಅನ್ನುವ ಕಮಾಂಡ್ ಓಡಿಸಿ, ಬಂದ ಸಾಲನ್ನು ವಾಟ್ಸಾಪ್ ಮಾಡಿ.

ಇಂತಿ,
ಲೈಬ್ರರಿ ವಿಭಾಗದವರು