ಮೀಸಲು ಕಮಾಂಡೊ: ದೇಹಕ್ಕೆ ಬೇಕಾದ ದಿನಗಳನ್ನು ಮೊದಲು ಕೊಡಿ

ಮಾನ್ಯ ಸಂಪಾದಕರೇ,

ನಾಗರಿಕ ಉದ್ಯೋಗದಲ್ಲಿದ್ದುಕೊಂಡೇ ಸೇನೆಗೆ ದುಡಿಯುವವರ ಪಡೆಯಾದ ಟೆರಿಟೋರಿಯಲ್ ಆರ್ಮಿಯನ್ನು (ಟಿ.ಎ.) ಅಗತ್ಯ ಬಿದ್ದಾಗ ಕರೆಸಿಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಸೇನಾ ಮುಖ್ಯಸ್ಥರಿಗೆ ನೀಡಿತು. ಅದರ 32 ಪದಾತಿ ಬೆಟಾಲಿಯನ್‌ಗಳಲ್ಲಿ 14ನ್ನು ಸೇವೆಗೆ ಇಳಿಸಲು ಒಪ್ಪಿಗೆಯೂ ಸಿಕ್ಕಿತು. ನಾಗರಿಕ ಉದ್ಯೋಗದಲ್ಲಿರುವವರನ್ನೇ ಆರಿಸಿ ಮೀಸಲು ಕಮಾಂಡೊ ಪಡೆ ಕಟ್ಟಬಹುದಲ್ಲ ಎಂಬ ಸಲಹೆ ಈಗ ಅಲ್ಲಲ್ಲಿ ಕೇಳಿಬರುತ್ತದೆ. ಸಲಹೆ ತಪ್ಪಲ್ಲ. ಆದರೆ ಈ ದಾರಿಯಲ್ಲಿ ಬ್ರಿಟನ್ ಎಲ್ಲಿ ಎಡವಿತು ಎಂಬುದನ್ನು ಮೊದಲು ನೋಡಬೇಕು.

ಬೆಂಗಳೂರಿನ 106ನೇ ಟಿ.ಎ. ಪ್ಯಾರಾ ಬೆಟಾಲಿಯನ್ನನ್ನು ಕಮಾಂಡೊ ಪಡೆ ಎಂದು ಬರೆಯುವುದುಂಟು. ಅದು ವಿಮಾನದಿಂದ ಪ್ಯಾರಾಚೂಟ್ ಕಟ್ಟಿ ಜಿಗಿಯುವ ಪ್ಯಾರಾಟ್ರೂಪರ್‌ಗಳ ಪಡೆ. ಆಗ್ರಾದ ಶಾಲೆಯಲ್ಲಿ ರಾತ್ರಿಯದೂ ಸೇರಿ ಐದು ಜಿಗಿತ ಮುಗಿಸಿದವರಿಗೆ ರೆಕ್ಕೆಯ ಬಿಲ್ಲೆ ಸಿಗುತ್ತದೆ. ಈ ಬೆಟಾಲಿಯನ್ನಿನ ಗೌರವ ಲೆಫ್ಟಿನೆಂಟ್ ಕರ್ನಲ್ ಮಹೇಂದ್ರ ಸಿಂಗ್ ಧೋನಿ 2015ರಲ್ಲಿ ಅದನ್ನು ಪಡೆದರು. ಕಮಾಂಡೊಗಳ ವಿಶೇಷ ಪಡೆಯ ‘ಬಲಿದಾನ’ ಬಿಲ್ಲೆಯ ಹಿಂದೆ ತಿಂಗಳುಗಟ್ಟಲೆ ನಡೆಯುವ ಬೇರೆಯೇ ಪ್ರೊಬೇಷನ್ ಇದೆ. ವರ್ಷಕ್ಕೆ ಎರಡು ತಿಂಗಳ ಕ್ಯಾಂಪಿಗೆ ಬರುವವನನ್ನು ಆ ಮಟ್ಟಕ್ಕೆ ಒಯ್ಯಬೇಕಾದರೆ ನಿಜವಾದ ಅಡಚಣೆ ಕೆಚ್ಚಿನ ಕೊರತೆಯಲ್ಲ, ದಿನಗಳ ಕೊರತೆ.

ಎಸ್‌ಎಎಸ್ ಎಂಬುದು ಬ್ರಿಟನ್ನಿನ ವಿಶೇಷ ಪಡೆ. ಅದರ ರೆಜಿಮೆಂಟುಗಳಾದ 21 ಎಸ್‌ಎಎಸ್ 1947ರಲ್ಲಿ, 23 ಎಸ್‌ಎಎಸ್ 1959ರಲ್ಲಿ ಮೀಸಲು ಪಡೆಗಳಾಗಿ ರೂಪುಗೊಂಡವು. ವಾರವಿಡೀ ಬೇರೆ ನೌಕರಿ ಮಾಡುವವರು ವಾರಾಂತ್ಯಗಳಲ್ಲಿ ತಯಾರಾಗಿ ಆಯ್ಕೆಯ ಕಣಕ್ಕಿಳಿಯುತ್ತಾರೆ. ವೇಲ್ಸ್‌ನ ಬ್ರೆಕನ್ ಬೀಕನ್ಸ್ ಗುಡ್ಡಗಳಲ್ಲಿ ಬೆನ್ನಿಗೆ ಹೊರೆ, ಕೈಯಲ್ಲಿ ರೈಫಲ್, ನಕಾಶೆ, ದಿಕ್ಸೂಚಿ. ಒಂದು ಚೆಕ್‌ಪಾಯಿಂಟಿನಿಂದ ಇನ್ನೊಂದಕ್ಕೆ ಒಬ್ಬನೇ ನಡೆಯಬೇಕು. 2013ರ ಜುಲೈ 13ರಂದು ಇಂಥದೇ 16 ಮೈಲಿ, ಅಂದರೆ ಸುಮಾರು 26 ಕಿಲೋಮೀಟರ್ ನಡಿಗೆಯಲ್ಲಿ ಮೂವರು ಮೀಸಲು ಸೈನಿಕರು ಕುಸಿದರು. ಇಬ್ಬರು ಅಂದೇ ಸತ್ತರು, ಮೂರನೆಯವರು ಅದೇ ತಿಂಗಳ 30ರಂದು ಆಸ್ಪತ್ರೆಯಲ್ಲಿ. ಹೊರೆ 22 ಕಿಲೋ ಆಸುಪಾಸು; ನೀರು, ಆಹಾರದ ತೂಕ ಬೇರೆ.

ಆ ದಿನದ ಉಷ್ಣತೆ 27 ಡಿಗ್ರಿ ದಾಟಿತ್ತು ಎಂದರೆ ರಾಯಚೂರು, ಕಲಬುರಗಿಯವರಿಗೆ ಅದೇನು ಬಿಸಿಲು ಅನ್ನಿಸಬಹುದು. ಜನ ತಪ್ಪು ತಿಳಿಯುವುದು ಇಲ್ಲಿಯೇ. ದುಡಿಯುವ ಸ್ನಾಯು ತಾನು ಬಳಸುವ ಶಕ್ತಿಯಲ್ಲಿ ಐದನೇ ಒಂದು ಭಾಗವನ್ನಷ್ಟೇ ಕೆಲಸಕ್ಕೆ ತಿರುಗಿಸುತ್ತದೆ, ಉಳಿದದ್ದೆಲ್ಲ ಶಾಖ. ಹೊರೆ ಹೊತ್ತು ಏರು ಹತ್ತುವವನ ಬೆನ್ನನ್ನು ಬ್ಯಾಗು ಮುಚ್ಚಿರುತ್ತದೆ, ದಪ್ಪ ಬಟ್ಟೆಯೊಳಗೆ ಬೆವರು ಆರುವುದಿಲ್ಲ. ಒಳಗೆ ಹುಟ್ಟಿದ ಶಾಖ ಹೊರಗೆ ಹೋಗದೆ ದೇಹದ ಒಳ ಉಷ್ಣತೆ 40 ಡಿಗ್ರಿ ದಾಟುತ್ತದೆ. ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ಕೇಳಿದ್ದಕ್ಕೆ ಅಸಂಬದ್ಧ ಉತ್ತರ ಬರುತ್ತದೆ. ಆಯ್ಕೆಯಾಗಲೇಬೇಕೆಂದು ಬಂದವನು ಇದನ್ನು ಮುಚ್ಚಿಡುತ್ತಾನೆ. ಒಂದು ಹಂತದ ನಂತರ ಅವನಿಗೇ ತಿಳಿಯುವುದಿಲ್ಲ. ಹಾಗಾಗಿ ‘ಆಗದಿದ್ದರೆ ನೀನೇ ಹೇಳು’ ಎಂಬ ನಿಯಮ ಯಾರನ್ನೂ ಕಾಯುವುದಿಲ್ಲ.

2015ರಲ್ಲಿ ವಿಚಾರಣೆ ಮುಗಿಸಿದ ಅಲ್ಲಿನ ಕೊರೋನರ್ (ಅಸಹಜ ಸಾವುಗಳ ಕಾರಣ ವಿಚಾರಿಸುವ ಅಧಿಕಾರಿ), ಸಾವುಗಳಲ್ಲಿ ನಿರ್ಲಕ್ಷ್ಯದ ಪಾಲಿದೆ ಎಂದರು. ಶಾಖದ ಅಪಾಯ ಕುರಿತು ಬ್ರಿಟಿಷ್ ಸೇನೆಯದೇ ಕೈಪಿಡಿ ಇತ್ತು, ನಡಿಗೆ ನಡೆಸಿದವರು ಅದನ್ನು ಪಾಲಿಸಿರಲಿಲ್ಲ. ಶಾಖದಿಂದ ಬಳಲಿದವರು ಮೊದಲೇ ಹಿಂದೆ ಸರಿದಿದ್ದರೂ ಉಳಿದವರ ನಡಿಗೆ ನಿಲ್ಲಲಿಲ್ಲ. ಪ್ರತಿಯೊಬ್ಬನ ಮೇಲೂ ಜಿಪಿಎಸ್ ಟ್ರ್ಯಾಕರ್ ಇತ್ತು. ಪರದೆಯ ಮೇಲೆ ನಿಶ್ಚಲವಾದ ಚುಕ್ಕೆಯನ್ನು ಗಮನಿಸಿ ತಕ್ಷಣ ಆಳು ಕಳಿಸುವ ವ್ಯವಸ್ಥೆ ಇರಲಿಲ್ಲ. ಈ ಕೊನೆಯ ಸಂಗತಿ ನಮಗೆ ಬಹಳ ಮುಖ್ಯ. ಟೆಂಡರ್ ಕರೆದು ಉಪಕರಣ ತರುವುದು ಸುಲಭ, ಅದನ್ನು ನೋಡುತ್ತ ಕೂರುವ ಮನುಷ್ಯನನ್ನು ನೇಮಿಸುವುದನ್ನೇ ಮರೆಯುತ್ತೇವೆ.

ನಿಯೋಜನೆಯ ಮಾತೂ ಬೇರೆಯಲ್ಲ. 2008ರ ಜೂನ್‌ನಲ್ಲಿ ಅಫ್ಗಾನಿಸ್ತಾನದ ಹೆಲ್ಮಂಡ್‌ನಲ್ಲಿ ಹಗುರ ರಕ್ಷಾಕವಚದ ಸ್ನ್ಯಾಚ್ ಲ್ಯಾಂಡ್‌ರೋವರ್ ವಾಹನ ಬಾಂಬಿಗೆ ಸಿಕ್ಕಿ ನಾಲ್ವರು ಸತ್ತರು. ಅವರಲ್ಲಿ 23 ಎಸ್‌ಎಎಸ್‌ನ ಮೀಸಲು ಸೈನಿಕರಿದ್ದರು. ಸ್ಥಳೀಯ ಪೊಲೀಸರನ್ನು ತಯಾರು ಮಾಡುವುದು ಆ ತಂಡದ ಕೆಲಸ. ಲೋಹಶೋಧಕ ಬಳಕೆಯ ತರಬೇತಿ ಸಾಲದಾಗಿತ್ತು ಎಂಬುದು ನಂತರದ ವಿಚಾರಣೆಯಲ್ಲಿ ಹೊರಬಂತು. ಮೀಸಲು ಸೈನಿಕನಿಗೆ ಕಷ್ಟದ ಆಯ್ಕೆ ಮುಗಿಸಿದ ಹೆಮ್ಮೆ ಇರುತ್ತದೆ. ಹೊರಡುವ ಮುನ್ನ ಆ ನೆಲಕ್ಕೆ, ಆ ಉಪಕರಣಕ್ಕೆ ಕೈ ಪಳಗಿಸುವ ವಾರಗಳು ಸಿಕ್ಕಿರುವುದಿಲ್ಲ.

ನಮ್ಮಲ್ಲಿ ಇಂಥ ಪಡೆ ಬರುವುದಾದರೆ ಕೆಲವು ಸಂಗತಿಗಳು ಲಿಖಿತ ನಿಯಮವಾಗಬೇಕು. ಶಾಖಕ್ಕೆ ಒಗ್ಗಲು ದೇಹಕ್ಕೆ 10ರಿಂದ 14 ದಿನ ಬೇಕು, ದಿನವೂ ಒಂದೂವರೆ ಎರಡು ಗಂಟೆ ಬೆವರಿಳಿಯುವ ಕೆಲಸದೊಂದಿಗೆ. ತಂಪಿಗೆ ಮರಳಿದ ಕೆಲವೇ ವಾರಗಳಲ್ಲಿ ಆ ಲಾಭ ಕರಗಿಹೋಗುತ್ತದೆ. ಬೆಂಗಳೂರಿನ ಎ.ಸಿ. ಕಚೇರಿಯಿಂದ ರೈಲು ಹತ್ತಿದವನನ್ನು ಮೂರನೇ ದಿನಕ್ಕೆ ರಾಜಸ್ಥಾನದಲ್ಲಿ ಹೊರೆ ಹೊರಿಸಿ ಅಳೆಯುವುದು ಪರೀಕ್ಷೆಯೇ ಅಲ್ಲ. ಎಲುಬಿನ ಮಾತೂ ಇದೇ: ತೂಕವನ್ನು ಅವಸರದಲ್ಲಿ ಏರಿಸಿದರೆ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ.

ಬಿಸಿಯನ್ನು ಹವಾಮಾನ ವರದಿಯಿಂದ ಓದಬಾರದು, ನಡಿಗೆಯ ಜಾಗದಲ್ಲೇ ಅಳೆಯಬೇಕು. ಅದಕ್ಕೆ ಡಬ್ಲ್ಯುಬಿಜಿಟಿ ಎಂಬ ಸೂಚ್ಯಂಕವಿದೆ: ಒದ್ದೆಬಟ್ಟೆ ಥರ್ಮಾಮೀಟರಿಗೆ ಶೇ 70, ಬಿಸಿಲಿಗಿಟ್ಟ ಕಪ್ಪು ಗೋಳಕ್ಕೆ ಶೇ 20, ಗಾಳಿಯ ಉಷ್ಣತೆಗೆ ಶೇ 10. ಒದ್ದೆಬಟ್ಟೆಗೆ ಅಷ್ಟು ಪಾಲು ಏಕೆಂದರೆ ಬೆವರು ಆರುವುದೇ ನಮ್ಮ ರಕ್ಷಣೆ. ಮಂಗಳೂರಿನ 32 ಡಿಗ್ರಿ ಬಳ್ಳಾರಿಯ 36ಕ್ಕಿಂತ ಅಪಾಯಕಾರಿ ಆಗಬಹುದು.

ಒಬ್ಬ ಶಾಖದಿಂದ ಬಿದ್ದರೆ ಇಡೀ ನಡಿಗೆ ನಿಲ್ಲಬೇಕು, ಎಲ್ಲರನ್ನೂ ತಪಾಸಿಸಬೇಕು. ಬಿದ್ದವನನ್ನು ಆಂಬುಲೆನ್ಸಿಗೆ ಏರಿಸುವ ಮುನ್ನ ಅಲ್ಲೇ ಮಂಜುಗಡ್ಡೆ ನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ, ಅರ್ಧ ಗಂಟೆಯೊಳಗೆ ಒಳ ಉಷ್ಣತೆಯನ್ನು 39ರ ಕೆಳಗೆ ತರಬೇಕು. ತೊಟ್ಟಿ, ಐಸು, ಗುದದ್ವಾರದ ಥರ್ಮಾಮೀಟರು ಇಲ್ಲದೆ ನಡಿಗೆಗೆ ಅನುಮತಿಯೇ ಸಿಗಬಾರದು. ಇವಕ್ಕೆ ಆಗುವ ಖರ್ಚು ಒಂದು ರೈಫಲ್ಲಿನ ಬೆಲೆಯ ಎದುರು ದೊಡ್ಡದೇನಲ್ಲ.

ಉದ್ಯೋಗದಾತರ ಪಾಲೂ ಇದೆ. ಸೇವೆ ಮುಗಿಸಿ ಬಂದವನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಬೇಕೆಂದು 1948ರ ಟೆರಿಟೋರಿಯಲ್ ಆರ್ಮಿ ಕಾಯ್ದೆಯೇ ಹೇಳುತ್ತದೆ. ಕ್ಯಾಂಪಿಗೆ ಮುಂಚಿನ ಎರಡು ವಾರಗಳಿಗೂ ಸಂಬಳಸಹಿತ ರಜೆ ಕೊಡುವಂತೆ ಆ ರಕ್ಷಣೆಯನ್ನು ಹಿಗ್ಗಿಸಬೇಕು. ರಾಜ್ಯದ ಸಂಸದರು ಇದನ್ನು ರಕ್ಷಣಾ ಸಚಿವಾಲಯದ ಮುಂದಿಡಲಿ.

— ಒಬ್ಬ ಓದುಗ, ಮಡಿಕೇರಿ