ಬೈಕ್ ನಿಲ್ಸೋ ರೀತಿ ಬಗ್ಗೆ ಒಂದು ಮಾತು

ಮಾನ್ಯ ಸಂಪಾದಕರೇ,

ನಾನು ಬೈಕ್ ಓಡ್ಸೋಕೆ ಶುರು ಮಾಡಿ ಹದಿನೆಂಟು ವರ್ಷ ಆಯ್ತು. ಇಷ್ಟು ವರ್ಷದಲ್ಲಿ ಪೊಲೀಸರು ಎಷ್ಟು ಸಲ ಕೈ ಅಡ್ಡ ಹಾಕಿದಾರೋ ಲೆಕ್ಕ ಇಟ್ಟಿಲ್ಲ, ಆದ್ರೆ ಅದರಲ್ಲಿ ಒಂದು ಸಲದ್ದು ಮಾತ್ರ ಇವತ್ತಿಗೂ ಮನಸ್ಸಿಂದ ಹೋಗಿಲ್ಲ, ಅದನ್ನ ಹೇಳೋಕೇ ಈ ಪತ್ರ ಬರೀತಿದೀನಿ.

ಬೆಳಗಿನ ಹೊತ್ತು, ರಸ್ತೆ ಹೆಚ್ಚುಕಮ್ಮಿ ಖಾಲಿ, ಮುಂದೆ ಒಂದು ತಿರುವು. ಗಾಡಿ ವಾಲಿಸ್ಕೊಂಡು ಅರ್ಧ ತಿರುವು ದಾಟಿದ್ದೆ ಅಷ್ಟೆ, ಮರದ ಹಿಂದಿಂದ ಒಬ್ರು ಪೊಲೀಸ್ ಸೀದಾ ನನ್ನ ದಾರಿಗೇ ಬಂದು ಕೈ ಚಾಚಿ ನಿಂತ್ಬಿಟ್ರು. ಯೋಚನೆ ಮಾಡೋಕೆ ಟೈಮೇ ಇಲ್ಲ, ಕೈ ತಾನಾಗೇ ಮುಂದಿನ ಬ್ರೇಕ್ ಅದುಮ್ತು. ವಾಲಿರೋ ಗಾಡಿಗೆ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದ್ರೆ ಏನಾಗತ್ತೆ ಅಂತ ಬೈಕ್ ಓಡ್ಸೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ರಸ್ತೆ ಅಂಚಲ್ಲಿ ಜಲ್ಲಿಪುಡಿ ಬೇರೆ ಚೆಲ್ಲಿತ್ತು, ಚಕ್ರ ಜಾರ್ತು, ನಾನು ಮೊಣಕೈ ಮೇಲೆ ಬಿದ್ದು ಉಜ್ಕೊಂಡೇ ಹೋದೆ, ಗಾಡಿ ಕಿಡಿ ಹಾರಿಸ್ಕೊಂಡು ಹೋಗಿ ಅವರ ಕಾಲಿಂದ ಒಂದು ಮಾರು ದೂರದಲ್ಲಿ ನಿಂತ್ಕೊಳ್ತು. ತಲೆ ಎತ್ತಿ ಅವರ ಮುಖ ನೋಡಿದೆ, ಪೂರ್ತಿ ಬಿಳಿಚ್ಕೊಂಡಿತ್ತು. ಅವರಿಗೂ ಜೀವ ಬಾಯಿಗೆ ಬಂದಿತ್ತು ಅಂತ ಈಗ ಅರ್ಥ ಆಗತ್ತೆ. ಆದ್ರೆ ಆವಾಗ ಅವರ ಬಾಯಿಂದ ಬಂದ ಮೊದಲ ಮಾತು "ಕಣ್ಣು ಕಾಣ್ಸಲ್ವೇನ್ರೀ", ನನ್ನ ಬಾಯಿಂದ ಬಂದ ಮಾತು ಇಲ್ಲಿ ಬರಿಯೋ ಹಾಗಿಲ್ಲ. ಇಬ್ರೂ ನಡುಗ್ತಿದ್ವಿ, ಇಬ್ರೂ ಕೂಗಾಡ್ತಿದ್ವಿ. ಲೈಸೆನ್ಸ್, ಇನ್ಶೂರೆನ್ಸ್ ಎಲ್ಲಾ ಸರಿ ಇತ್ತು, ನೋಡಿ ವಾಪಸ್ ಕೊಟ್ರು. ರಕ್ತ ಸುರೀತಿದ್ದ ಮೊಣಕೈನ ಇಬ್ರೂ ನೋಡಿದ್ರೂ ಅದರ ಬಗ್ಗೆ ಯಾರೂ ಮಾತೇ ಆಡ್ಲಿಲ್ಲ.

ಪೊಲೀಸರು ಚೆಕಿಂಗ್ ಮಾಡ್ಬಾರ್ದು ಅಂತ ನಾನು ಹೇಳ್ತಿಲ್ಲ. ಖಂಡಿತ ಮಾಡ್ಲಿ. ಆದ್ರೆ ಎರಡು ಚಕ್ರದ ಗಾಡಿನ ಹೇಗೆ ನಿಲ್ಲಿಸ್ಬೇಕು, ಎಲ್ಲಿ ನಿಲ್ಲಿಸ್ಬೇಕು ಅನ್ನೋದನ್ನ ಅವರಿಗೆ ಯಾರಾದ್ರೂ ಕೂತು ಹೇಳಿಕೊಡ್ಬೇಕು. ಗಂಟೆಗೆ 60 ಕಿಲೋಮೀಟರ್ ವೇಗ ಅಂದ್ರೆ ಸೆಕೆಂಡಿಗೆ ಹೆಚ್ಚುಕಮ್ಮಿ 17 ಮೀಟರ್. ಅಡ್ಡ ಬಂದವರನ್ನ ನೋಡಿ, ತಲೆಗೆ ಹತ್ತಿ, ಕೈ ಬ್ರೇಕಿಗೆ ಹೋಗೋಕೇ ಒಂದು ಸೆಕೆಂಡ್ ಆಗತ್ತೆ, ಅಂದ್ರೆ ಬ್ರೇಕ್ ಹಿಡಿಯೋಕೆ ಮುಂಚೆನೇ 17 ಮೀಟರ್ ಹೋಯ್ತು. ಆಮೇಲೆ ಒಣಗಿದ ಒಳ್ಳೆ ರಸ್ತೇಲಿ ಚೆನ್ನಾಗಿ ಬ್ರೇಕ್ ಹಾಕಿದ್ರೂ ಇನ್ನೊಂದು 20 ಮೀಟರ್ ಬೇಕು. ನೆಟ್ಟಗೆ ಹೋಗ್ತಿರೋ ಗಾಡಿಗೇ ಇಷ್ಟು, ಇನ್ನು ತಿರುವಲ್ಲಿ, ಒದ್ದೆ ರಸ್ತೇಲಿ, ಹಿಂದೆ ಒಬ್ರು ಕೂತಿದ್ರೆ ಕೇಳೋದೇ ಬೇಡ. ಕಾರಿನವರಾದ್ರೆ ಬ್ರೇಕ್ ಒತ್ತಿ ಸೀಟಲ್ಲೇ ಕೂತಿರ್ತಾರೆ, ನಾವು ಬೀಳ್ತೀವಿ.

ಇದು ಬರೀ ನನ್ನ ಅನುಭವ ಅಲ್ಲ. ಅಮೆರಿಕದ ಲಾಸ್ ಏಂಜಲೀಸ್ ಕಡೆ ಹ್ಯಾರಿ ಹರ್ಟ್ ಅನ್ನೋರ ತಂಡ ಸುಮಾರು 900 ಬೈಕ್ ಅಪಘಾತಗಳನ್ನ ನಡೆದ ಜಾಗಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತ್ತು. ಬೇರೆ ಗಾಡಿ ಜೊತೆ ಆದ ಡಿಕ್ಕಿಗಳಲ್ಲಿ ಮೂರರಲ್ಲಿ ಎರಡು ಪಾಲು ಆ ಬೇರೆ ಗಾಡಿಯವರು ಬೈಕಿಗೆ ದಾರಿ ಬಿಡದೆ ನುಗ್ಗಿದ್ದರಿಂದ ಆಗಿದ್ವು, ಎಷ್ಟೋ ಜನ ಬೈಕ್ ಕಾಣಿಸ್ಲೇ ಇಲ್ಲ ಅಂದಿದ್ರು. ಬೈಕ್ ಒಂದೇ ಬಿದ್ದ ಕಡೆ ಮಾತ್ರ ಹೆಚ್ಚಿನ ತಪ್ಪು ಸವಾರಂದೇ, ಒಂದೋ ಬ್ರೇಕ್ ಜಾಸ್ತಿ ಹಿಡಿದು ಜಾರಿರೋದು, ಇಲ್ಲಾ ತಿರುವಲ್ಲಿ ಆಚೆ ಹೋಗಿರೋದು. ಇನ್ನೊಂದು ಮಾತೂ ಅದರಲ್ಲಿದೆ, ಬಿದ್ದವರಲ್ಲಿ ನೂರಕ್ಕೆ 92 ಜನ ಯಾವ ಟ್ರೇನಿಂಗೂ ಇಲ್ದೆ ತಾವೇ ಕಲ್ತವ್ರು, ಇಲ್ಲಾ ಮನೆಯವರು ಫ್ರೆಂಡ್ಸ್ ಹತ್ರ ಕಲ್ತವ್ರು. ನಾನೂ ಹಾಗೇ ಕಲ್ತಿದ್ದು. ಈಗ ನೋಡಿ, ಸರಿಯಾಗಿ ಬ್ರೇಕ್ ಹಿಡಿಯೋಕೇ ಯಾರೂ ಕಲಿಸದೇ ಇರೋ ಒಬ್ಬ ಸವಾರನ ಮುಂದೆ ದಿಢೀರ್ ಅಂತ ಜಿಗಿದ್ರೆ ಏನು ನಿರೀಕ್ಷೆ ಮಾಡ್ತೀರ?

ಇನ್ನು ನಿಂತ ಮೇಲಿನ ಕಥೆ. ಇದನ್ನ ಬೈಕ್ ಓಡಿಸದೇ ಇರೋ ಪೊಲೀಸರಿಗೆ ದಯವಿಟ್ಟು ಯಾರಾದ್ರೂ ಹೇಳಿ. ಪೂರ್ತಿ ಮುಖ ಮುಚ್ಚೋ ಹೆಲ್ಮೆಟ್ ಹಾಕ್ಕೊಂಡಾಗ, ಅದೂ ಎಂಜಿನ್ ಆನ್ ಇದ್ದಾಗ, ಪಕ್ಕದಲ್ಲಿ ನಿಂತು ಮಾತಾಡಿದ್ದು ಅರ್ಧಂಬರ್ಧ ಕೇಳ್ಸತ್ತೆ. ಬಲಗೈ ಬ್ರೇಕ್ ಮೇಲೆ, ಎಡಗೈ ಕ್ಲಚ್ ಮೇಲೆ, ಗಾಡಿ ಇನ್ನೂ ಗೇರಲ್ಲಿದೆ, ಕಾಲು ನ್ಯೂಟ್ರಲ್ ಹುಡುಕ್ತಿದೆ, ಅಷ್ಟರಲ್ಲಿ "ಲೈಸೆನ್ಸ್ ತೆಗಿ" ಅಂತ ಒಂದು ಸಲ, ಎರಡು ಸಲ ಹೇಳಿ, ಮೂರನೇ ಸಲ ಕೈ ಹಾಕಿ ಕೀ ಕಿತ್ಕೊಳ್ತಾರೆ. ಅವರಿಗೆ ಅನ್ಸೋದು, ಇವನು ಬೇಕಂತಲೇ ಮಾತು ಕೇಳ್ತಿಲ್ಲ, ಓಡಿಹೋಗೋಕೆ ನೋಡ್ತಿದಾನೆ ಅಂತ. ನನಗೆ ಅನ್ಸೋದು, ಏನೂ ತಪ್ಪು ಮಾಡದೆ ಕಳ್ಳನ ಥರ ನಡೆಸ್ಕೊಳ್ತಿದಾರಲ್ಲಾ ಅಂತ. ಎಂಜಿನ್ ಆಫ್ ಮಾಡಿ, ಸ್ಟ್ಯಾಂಡ್ ಹಾಕಿ, ಗ್ಲೌಸ್ ಬಿಚ್ಚಿ, ಹೆಲ್ಮೆಟ್ ತೆಗೆಯೋಕೆ ಅರ್ಧ ನಿಮಿಷ ಬೇಕು ಸಾರ್, ಅರ್ಧ ನಿಮಿಷ ಅಷ್ಟೆ. ಆ ಅರ್ಧ ನಿಮಿಷ ಸುಮ್ನೆ ನಿಂತು ಕಾದ್ರೆ ಎಷ್ಟೋ ಜಗಳ ಹುಟ್ಟೋದೇ ಇಲ್ಲ.

ಇದರ ಹಿಂದೆ ಒಂದು ಹಳೇ ಅನುಮಾನವೂ ಇದೆ. 1947ರಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಅನ್ನೋ ಸಣ್ಣ ಊರಿಗೆ ಸಾವಿರಾರು ಬೈಕಿನವ್ರು ಬಂದು ಸೇರಿ, ಕೆಲವ್ರು ಕುಡಿದು ಗಲಾಟೆ ಮಾಡಿದ್ರು. ಅದರ ಬಗ್ಗೆ ಲೈಫ್ ಪತ್ರಿಕೇಲಿ ಒಂದು ಫೋಟೋ ಬಂತು, ಬೈಕ್ ಮೇಲೆ ಒಬ್ಬ, ಸುತ್ತ ಖಾಲಿ ಬಾಟ್ಲಿಗಳು. ಆ ಬಾಟ್ಲಿಗಳನ್ನ ಫೋಟೋಗೋಸ್ಕರ ತಂದು ಜೋಡಿಸಿದ್ದು ಅನ್ನೋ ಮಾತು ಆಮೇಲೆ ಬಂತು, ಆದ್ರೆ ಅಷ್ಟೊತ್ತಿಗೆ ಚಿತ್ರ ಜನರ ತಲೇಲಿ ಕೂತಾಗಿತ್ತು. ಲೆದರ್ ಜಾಕೆಟ್ ಹಾಕಿದವನು ಪುಂಡ, ಗುಂಪಲ್ಲಿ ಹೋಗೋರು ಗ್ಯಾಂಗು ಅನ್ನೋ ನೋಟ ಇವತ್ತಿಗೂ ಪೂರ್ತಿ ಹೋಗಿಲ್ಲ. ಅದೇ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2011ರಲ್ಲಿ ಒಂದು ಕಾನೂನೇ ತಂದ್ರು, ಬೈಕ್ ಓಡಿಸ್ತಿದಾನೆ ಅಥವಾ ಬೈಕಿನವರ ಬಟ್ಟೆ ಹಾಕಿದಾನೆ ಅನ್ನೋ ಕಾರಣಕ್ಕೆ ಪೊಲೀಸರು ಯಾರನ್ನೂ ತಡೆದು ವಿಚಾರಿಸ್ಬಾರ್ದು ಅಂತ. 2016ರಲ್ಲಿ ಮೇರಿಲ್ಯಾಂಡಲ್ಲೂ ಬಂತು. ಆ ಜಾಕೆಟ್ ನಾವು ಹಾಕೋದು ಯಾಕೆ ಅಂದ್ರೆ ಬಿದ್ದಾಗ ಚರ್ಮ ಉಳೀಲಿ ಅಂತ. ನನ್ನ ಮೊಣಕೈ ಆ ದಿನ ಬರೀ ಶರ್ಟಲ್ಲಿತ್ತು, ಅದಕ್ಕೇ ಗುರುತು ಇನ್ನೂ ಇದೆ.

ನಮ್ಮ ಕಡೆ ತಪ್ಪಿಲ್ವಾ ಅಂದ್ರೆ, ಬೇಕಾದಷ್ಟಿದೆ. ನಂಬರ್ ಪ್ಲೇಟ್ ಮಡಚಿ ಇಟ್ಕೊಳ್ಳೋರು, ಸೈಲೆನ್ಸರ್ ಬದಲಾಯಿಸಿ ರಾತ್ರಿ ಮಲಗಿರೋ ಮಕ್ಕಳನ್ನ ಎಬ್ಬಿಸೋರು, ಪೊಲೀಸ್ ಕಂಡ ತಕ್ಷಣ ಉಲ್ಟಾ ತಿರುಗಿಸಿ ರಾಂಗ್ ಸೈಡಲ್ಲಿ ಓಡೋರು. ಇಂಥವರನ್ನ ನೋಡಿ ನೋಡಿನೇ ಮರದ ಹಿಂದೆ ನಿಲ್ಲೋ ಅಭ್ಯಾಸ ಬಂದಿರ್ಬೇಕು, ಅದನ್ನ ಒಪ್ಕೊಳ್ತೀನಿ. ಹೆಲ್ಮೆಟ್ ವಿಷಯದಲ್ಲಂತೂ ನಾನು ಪೂರ್ತಿ ಪೊಲೀಸರ ಕಡೆ. 1935ರಲ್ಲಿ 'ಲಾರೆನ್ಸ್ ಆಫ್ ಅರೇಬಿಯಾ' ಅಂತ ಹೆಸರಾಗಿದ್ದ ಬ್ರಿಟಿಷ್ ಸೇನಾಧಿಕಾರಿ, ಲೇಖಕ ಟಿ. ಇ. ಲಾರೆನ್ಸ್ ಬೈಕಿಂದ ಬಿದ್ದು ತಲೆಗೆ ಏಟಾಗಿ ತೀರಿಕೊಂಡಾಗ ಅವರನ್ನ ನೋಡಿದ ಡಾಕ್ಟರುಗಳಲ್ಲಿ ಹ್ಯೂ ಕೇರ್ನ್ಸ್ ಒಬ್ರು, ಅವರೇ ಮುಂದೆ ಮಿಲಿಟರಿ ಬೈಕ್ ಸವಾರರ ತಲೆ ಏಟುಗಳ ಬಗ್ಗೆ ಅಧ್ಯಯನ ಮಾಡಿ 1941ರಲ್ಲಿ ಹೆಲ್ಮೆಟ್ ಯಾಕೆ ಬೇಕು ಅಂತ ಬರೆದ್ರು. ಬೇರೆ ಬೇರೆ ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ ಹೆಲ್ಮೆಟ್ ಸಾವಿನ ಅಪಾಯನ ನೂರಕ್ಕೆ 42ರಷ್ಟು, ತಲೆ ಏಟಿನ ಅಪಾಯನ 69ರಷ್ಟು ಕಮ್ಮಿ ಮಾಡತ್ತೆ ಅಂತ ಗೊತ್ತಾಗಿದೆ. ಹಾಗಾಗಿ ಹೆಲ್ಮೆಟ್ ಇಲ್ದೆ ಹೋಗಿ ಸಿಕ್ಕಿಬಿದ್ದು ಪೊಲೀಸರಿಗೇ ಬೈಯೋರ ಪರ ನಾನು ಮಾತಾಡಲ್ಲ.

ಒಳ್ಳೇ ಅನುಭವನೂ ಹೇಳ್ಬೇಕು, ಇಲ್ಲಾಂದ್ರೆ ಅನ್ಯಾಯ ಆಗತ್ತೆ. ಒಂದು ರಾತ್ರಿ ಹಿಂದೆಯಿಂದ ಪೊಲೀಸ್ ಬೈಕ್ ಬಂತು, ಒಂದೆರಡು ಸಲ ಲೈಟ್ ಡಿಮ್ ಡಿಪ್ ಮಾಡಿ ಕೈ ತೋರ್ಸಿದ್ರು, ಆದ್ರೆ ಅವಸರ ಮಾಡ್ಲಿಲ್ಲ, ರಸ್ತೆ ಅಗಲ ಆಗೋವರೆಗೂ ನನ್ನ ಹಿಂದೇನೇ ಬಂದ್ರು. ನಿಂತ ಮೇಲೆ ತಮ್ಮ ಗಾಡಿನ ನಾಲ್ಕೈದು ಹೆಜ್ಜೆ ಹಿಂದೆ ಲೈಟ್ ಉರಿಸ್ಕೊಂಡೇ ನಿಲ್ಲಿಸಿದ್ರು, ಹಿಂದೆಯಿಂದ ಬರೋ ಗಾಡಿಗಳಿಗೆ ನಾವಿಬ್ರೂ ಕಾಣ್ಲಿ ಅಂತ. ಮೊದಲು ಅವರೇ ಹೆಲ್ಮೆಟ್ ತೆಗೆದ್ರು. "ನಿಮ್ಮ ಟೇಲ್ ಲೈಟ್ ಉರೀತಿಲ್ಲ, ಬ್ರೇಕ್ ಹಿಡೀರಿ ನೋಡೋಣ" ಅಂದ್ರು. ಬ್ರೇಕ್ ಹಿಡಿದ್ರೆ ಉರೀತಿತ್ತು, ಬಿಟ್ರೆ ಕತ್ತಲೆ. ಆ ಬಲ್ಬಲ್ಲಿ ಎರಡು ತಂತಿ ಇರತ್ತೆ, ಬ್ರೇಕಿಂದು ಬೇರೆ ಟೇಲಿಂದು ಬೇರೆ, ಟೇಲಿನ ಸಣ್ಣ ತಂತಿ ತುಂಡಾಗಿತ್ತು. ಬಿಚ್ಚಿ, ಟಾರ್ಚ್ ಬೆಳಕಲ್ಲಿ ಹಿಡಿದು ತೋರ್ಸಿದ್ರು. ಕೇಸ್ ಹಾಕ್ಬಹುದಿತ್ತು, ಹಾಕಿದ್ರೂ ತಪ್ಪಲ್ಲ. ಅವರು "ನೀವು ಮುಂದೆ ನಿಧಾನಕ್ಕೆ ಹೋಗಿ, ದೀಪ ಇರೋ ರಸ್ತೆ ಸಿಗೋವರೆಗೂ ನಾನು ಹಿಂದೆ ಬರ್ತೀನಿ" ಅಂದ್ರು, ಬಂದ್ರು ಕೂಡ. ನನ್ನ ಕನ್ನಡಿ ತುಂಬಾ ಅವರ ಹೆಡ್‌ಲೈಟೇ ಇತ್ತು, ಪೊಲೀಸ್ ಹಿಂದೆ ಇದಾರೆ ಅಂತ ಮನಸ್ಸಿಗೆ ಧೈರ್ಯ ಬಂದಿದ್ದು ಜೀವನದಲ್ಲಿ ಅದೇ ಮೊದಲು.

ಅವರಿಗೆ ಅದೆಲ್ಲಾ ಗೊತ್ತಿದ್ದಿದ್ದು ಅವರೂ ದಿನಾ ಬೈಕ್ ಮೇಲೇ ಇರೋರು ಅಂತ. ಬ್ರಿಟನ್ನಲ್ಲಿ ಬೈಕ್‌ಸೇಫ್ ಅಂತ ಒಂದು ಕಾರ್ಯಕ್ರಮ ಇದೆ, ಅಲ್ಲಿ ಪೊಲೀಸ್ ಬೈಕ್ ಸವಾರರೇ ಸಾಮಾನ್ಯ ಸವಾರರ ಹಿಂದೆ ಗಾಡಿ ಓಡಿಸ್ಕೊಂಡು ಬಂದು, ಆಮೇಲೆ ನಿಲ್ಲಿಸಿ ನಿಮ್ಮ ತಿರುವು ಹೀಗಿತ್ತು, ಬ್ರೇಕ್ ಹೀಗಿತ್ತು ಅಂತ ಹೇಳಿಕೊಡ್ತಾರೆ. ಅಲ್ಲಿ ಪೊಲೀಸ್ ಹೇಳಿದ್ದನ್ನ ಸವಾರ ಕೇಳಿಸ್ಕೊಳ್ತಾನೆ, ಸವಾರನ ಕಷ್ಟನೂ ಪೊಲೀಸಿಗೆ ತಿಳಿಯತ್ತೆ.

ನಾನು ಕೇಳೋದು ತುಂಬಾ ಏನಿಲ್ಲ. ಚೆಕಿಂಗ್ ಜಾಗ ದೂರದಿಂದಲೇ ಕಾಣ್ಲಿ, ನೆಟ್ಟಗಿನ ರಸ್ತೇಲಿ ಇರ್ಲಿ, ತಿರುವಲ್ಲಿ ಬೇಡ, ಓಡ್ತಿರೋ ಬೈಕಿನ ಮುಂದೆ ಯಾರೂ ಹಾರೋದು ಬೇಡ, ಕೀಗೆ ಕೈ ಹಾಕೋದು ಬೇಡ. ಚೆಕಿಂಗಿಗೆ ನಿಲ್ಲೋ ಪ್ರತಿಯೊಬ್ಬ ಪೊಲೀಸ್‌ಗೂ ಒಂದು ದಿನ ಹೆಲ್ಮೆಟ್ ಹಾಕಿಸಿ ಬೈಕ್ ಮೇಲೆ ಕೂರಿಸಿ, ಎದುರಿಂದ ಯಾರಾದ್ರೂ ಕೈ ತೋರಿಸಿದಾಗ ನಿಲ್ಲಿಸೋಕೆ ಎಷ್ಟು ಜಾಗ ಬೇಕಾಗತ್ತೆ ಅಂತ ಅವರೇ ಹೆಜ್ಜೆ ಹಾಕಿ ಅಳೀಲಿ. ನಾವೂ ಕೈ ತೋರಿಸಿದ್ರೆ ಇಂಡಿಕೇಟರ್ ಹಾಕಿ ನಿಲ್ತೀವಿ, ಎಂಜಿನ್ ಆಫ್ ಮಾಡಿ ಹೆಲ್ಮೆಟ್ ತೆಗೀತೀವಿ.

ಇಂತಿ,
ಒಬ್ಬ ಬೈಕ್ ಸವಾರ